ವಲ್ಲಿಯ ಕೆಳಗಿನ ಕೈ

ಅಫಜಲಪುರದ ನನ್ನ ಅಂಗಡಿಯಲ್ಲಿ, ನಾನು ಕೂಡುವ ಕುರ್ಚಿಯ ಹಿಂದೆ, ಮೊಳೆಗೆ ಒಂದು ಹಳೇ ವಲ್ಲಿ ತೂಗುಬಿದ್ದಿದೆ. ಹೆಗಲಿಗೆ ಹಾಕಿಕೊಳ್ಳುವ ಕೆಂಪು ಚೌಕಡಿಯ ಸಾದಾ ಬಟ್ಟೆ. ಎರಡು ಕಡೆ ಕೈಹೊಲಿಗೆ ಬಿದ್ದಿದೆ, ಅಂಚು ಹಿಂಜಿದೆ. ಅದಕ್ಕೆ ನಾನು ತೆತ್ತ ಬೆಲೆ ಒಂದು ಹೋತ. ಬಡಕಲು ಹೋತವಲ್ಲ. ನಾಲ್ಕು ಹಲ್ಲು ಬಂದದ್ದು, ಉದ್ದ ಕಿವಿಯದು, ಬಕ್ರೀದಿನ ಮುಂದೆ ಸಂತೆಗೆ ಹೊಡೆದುಕೊಂಡು ಹೋಗಿದ್ದರೆ ಜನ ಸುತ್ತ ಮುಕುರಿ ನಿಲ್ಲುವಂಥದ್ದು. ನಾನು ಹಳೇ ಟ್ರ್ಯಾಕ್ಟರ್ ಕೊಂಡು ಮಾರುವವನು. ಟ್ರೇಲರಿಗೆ ಹತ್ತಿದ ತುಕ್ಕು ತೋರಿಸಿ ದರ ಇಳಿಸುವ ಮನುಷ್ಯ ಹರಕು ಬಟ್ಟೆಗೆ ಹೋತ ಕೊಟ್ಟ ಎಂದರೆ ನನ್ನನ್ನು ಬಲ್ಲವರು ಯಾರೂ ನಂಬುವುದಿಲ್ಲ. ಕೊಟ್ಟದ್ದು ಯಾಕೆಂದರೆ ಅದು ತಾರಾಮೌಶಿಯ ವಲ್ಲಿ, ಮತ್ತು ಆಕೆ ಹೇಳಿದ ದರ ಅದು. ಪುಕ್ಕಟೆ ಕೊಡು ಎಂದು ಆಕೆಯನ್ನು ಕೇಳುವಂತಿರಲಿಲ್ಲ. "ಪುಕ್ಕಟಿ ಮಾಲಿಗಿ ಹಲ್ಲ ಇರೂದಿಲ್ಲ" ಅನ್ನುವುದು ಆಕೆಯ ಮಾತು.

ಮೌಶಿ ಆಳಂದ ತಾಲೂಕಿನ ಹಿರೋಳ್ಳಿಯವಳು. ಅಲ್ಲಿಂದ ಮಹಾರಾಷ್ಟ್ರ ಕೂಗಳತೆ, ಹಾಗಾಗಿ ಚಿಕ್ಕಮ್ಮನಿಗೆ ಅಲ್ಲಿ ಮೌಶಿ ಎನ್ನುತ್ತಾರೆ. ಆಕೆ ನನಗೆ ರಕ್ತಸಂಬಂಧವೇನಲ್ಲ. ನಮ್ಮದು ಚೌಡಾಪುರದ ಒಕ್ಕಲು ಮನೆತನ. ಆಕೆಯದು ಅಪ್ಪನ ಕಾಲಕ್ಕೆ ಬುದ್ಧನಿಗೆ ಶರಣು ಹೋದ ಮನೆ. ಎದುರಾದವರಿಗೆಲ್ಲ ಜೈಭೀಮ್ ಹೇಳುತ್ತಿದ್ದಳು. ತಿರುಗಿ ಹೇಳದವರಿಗೆ ಇನ್ನೊಂದು ಸಲ ಜೋರಾಗಿ ಹೇಳುತ್ತಿದ್ದಳು.

ಆಕೆಯ ಕಸುಬು ಆಡಿನ ವ್ಯಾಪಾರ. ನಮ್ಮ ಕಡೆ ಜಾನುವಾರು ಸಂತೆಯಲ್ಲಿ ದರ ಬಾಯಿಂದ ಆಡುವುದಿಲ್ಲ. ಮಾರುವವರು, ಕೊಳ್ಳುವವರು ಕೈಕೈ ಹಿಡಿದುಕೊಳ್ಳುತ್ತಾರೆ, ಮೇಲೆ ವಲ್ಲಿ ಮುಚ್ಚುತ್ತಾರೆ. ಬಟ್ಟೆಯ ಕೆಳಗೆ ಬೆರಳು ಮಾತಾಡುತ್ತವೆ. ಹಿಡಿದ ಬೆರಳೆಷ್ಟೋ ದರ ಅಷ್ಟು ನೂರು, ಇಲ್ಲವೇ ಅಷ್ಟು ಸಾವಿರ. ಗೆಣ್ಣು ಒತ್ತಿದರೆ ಅದರ ಮೇಲೆ ಅರ್ಧ. ಬೇಡವಾದರೆ ಕೈ ಕೊಸರಿಕೊಳ್ಳಬೇಕು. ಮಾರುವವರು ಎದುರಿನವರ ಬೆರಳು ಹಿಡಿದು ಅಲ್ಲಾಡಿಸಿದರು ಎಂದರೆ ಮುಗಿಯಿತು, ಒಪ್ಪಿಗೆ, ಮಾಲು ಕೊಟ್ಟಂತೆ. ಆಮೇಲೆ ವಲ್ಲಿ ಎತ್ತುತ್ತಾರೆ. ಎತ್ತಿದ ವಲ್ಲಿಯನ್ನು ಮತ್ತೆ ಮುಚ್ಚುವ ರಿವಾಜು ಇಲ್ಲ. ಸುತ್ತ ನೂರು ಜನ ನಿಂತಿದ್ದರೂ ಒಳಗೆ ನಡೆದದ್ದು ಆ ಇಬ್ಬರಿಗೇ ಗೊತ್ತು.

ಇಂಥ ಸಂತೆಗೆ ಒಬ್ಬ ಹೆಂಗಸು ಬಂದು ವಲ್ಲಿ ಹಾಸಿದಾಗ ಏನಾಗಿರಬೇಡ. ಹೆಂಗಸಿನ ಕೈ ಹೇಗೆ ಹಿಡಿಯುವುದು ಎಂದು ಕೆಲವರು, ಆ ಕೇರಿಯ ಕೈ ಹೇಗೆ ಹಿಡಿಯುವುದು ಎಂದು ಇನ್ನು ಕೆಲವರು. ಎರಡನೆಯದನ್ನು ಬಾಯಿಬಿಟ್ಟು ಹೇಳದೆ ಮೊದಲನೆಯದನ್ನೇ ಹೇಳುತ್ತಿದ್ದರಂತೆ. ಮೌಶಿ ಅಂಥ ಒಬ್ಬ ಗೌಡರಿಗೆ ಹೇಳಿದ ಮಾತು ಇಂದಿಗೂ ಆಳಂದ ಸಂತೆಯಲ್ಲಿ ಚಾಲ್ತಿಯಲ್ಲಿದೆ: "ಗೌಡ್ರ, ನನ್ನ ಆಡಿನ ಬಾಯಾಗ ಕೈ ಹಾಕಿ ಹಲ್ಲ ಎಣಸ್ತೀರಿ, ಬಾಲ ಎತ್ತಿ ನೋಡ್ತೀರಿ. ನನ್ನ ಬೆರಳ ಏನ ಕಚ್ಚತಾವೇನ್ರಿ?" ಗೌಡರು ಕೈ ಕೊಟ್ಟರು. ಕೊಟ್ಟ ಮೇಲೆ ತಿಳಿಯಿತು, ಕಚ್ಚುತ್ತವೆ ಎಂದು. ಅಂಥ ಬೆರಳು ಅವು. ಉದ್ದ, ಒಣಗಿದ ತೊಗರಿ ಕಟಗಿಯ ಹಾಗೆ ಗಟ್ಟಿ. ಹಿಡಿದರೆ ಬಿಸಿಯಿಲ್ಲ, ಬೆವರಿಲ್ಲ, ಅವಸರವಿಲ್ಲ. ಎದುರಿನವನು ಎಲ್ಲಿಯವರೆಗೆ ಏರುತ್ತಾನೆ ಎಂಬುದು ಅವನಿಗಿಂತ ಮೊದಲು ಅವುಗಳಿಗೆ ಗೊತ್ತಾಗುತ್ತಿತ್ತು.

ನಾನು ಆಕೆಗೆ ಸಿಕ್ಕಿದ್ದು ಪಿಯುಸಿ ನಪಾಸಾದ ವರ್ಷ. ಮನೆಯ ಎರಡು ಆಡು ಮಾರಿಕೊಂಡು ಬಾ ಎಂದು ಅಪ್ಪ ಕಳಿಸಿದ್ದ. ಶಾಣ್ಯಾತನ ಮಾಡಲು ಹೋಗಿ, ಬೆಳಿಗ್ಗೆ ಆಡಿಗೆ ಹಿಟ್ಟಿನಲ್ಲಿ ಉಪ್ಪು ಕಲಸಿ ತಿನ್ನಿಸಿ, ಹೊಟ್ಟೆ ಬಿರಿಯುವಷ್ಟು ನೀರು ಕುಡಿಸಿ ತಂದಿದ್ದೆ. ತುಂಬಿದ ಮಾಲಿನಂತೆ ಕಾಣಲಿ ಅಂತ. ಮೌಶಿ ಬಂದಳು, ಹಲ್ಲು ನೋಡಲಿಲ್ಲ, ಬಗ್ಗಿ ಆಡಿನ ಹೊಟ್ಟೆಗೆ ಕಿವಿ ಇಟ್ಟು ಎರಡು ಸಲ ತಟ್ಟಿದಳು. "ಯಾವ ಊರ ತಮ್ಮಾ? ಆಡ ಮಾರಾಕ ಬಂದೀಯೋ, ಕೊಡಾ ಮಾರಾಕ ಬಂದೀಯೋ?" ಸುತ್ತಲಿದ್ದವರು ನಕ್ಕರು. ನನಗೆ ಆ ಮಣ್ಣಲ್ಲೇ ಹೂತುಹೋದರೆ ಸಾಕೆನಿಸಿತು. ಆದರೆ ಆಕೆ ಅಲ್ಲೇ ಕೂತಳು, ಎರಡೂ ಆಡು ಉಚ್ಚೆ ಹೊಯ್ಯುವ ತನಕ ಕಾದಳು, ಆಮೇಲೆ ವಲ್ಲಿ ಮುಚ್ಚಿ ನ್ಯಾಯದ ದರ ಹಿಡಿದಳು. ಹೋಗುವಾಗ ಹೇಳಿದಳು, "ಮುಂದಿನ ವಾರ ಬಾ, ಕಲಸ್ತೇನಿ. ಮೋಸ ಮಾಡೂದಕ್ಕೂ ಮದಲ ಮಾಲ ಗೊತ್ತಿರಬೇಕಲೇ."

ಹೋದೆ. ಮುಂದೆ ಎಷ್ಟೋ ವರ್ಷ ಹೋದೆ. ನಾನು ಇಂದು ಎಂಜಿನ್ನಿನ ಸದ್ದಿಗೆ ಕಿವಿ ಇಟ್ಟು ಒಳಗಿನ ರೋಗ ಹೇಳುತ್ತೇನೆ ಅಂದರೆ ಅದು ಆಡಿನ ಹೊಟ್ಟೆಗೆ ಕಿವಿ ಇಟ್ಟವಳ ಹತ್ತಿರ ಕಲಿತ ವಿದ್ಯೆ. ಕೇಳುವುದನ್ನೂ ಆಕೆಯೇ ಕಲಿಸಿದಳು. "ಕೇಳೂದಕ್ಕ ಏನೂ ರೊಕ್ಕ ಬೀಳೂದಿಲ್ಲ ಮಲ್ಯಾ. ಕೇಳದ ಇದ್ದದ್ದಕ್ಕ ಬೀಳ್ತದ."

ಆಕೆಗೆ ಒಂದೇ ಚಟ, ಚಹಾ. ಸಂತೆಯ ಚಹಾದವನ ಒಲೆಯ ಪಕ್ಕದಲ್ಲೇ ಕೂತು, ಶುಂಠಿ ಇನ್ನಷ್ಟು ಜಜ್ಜು, ಸಕ್ಕರೆ ತಡೆ, ಈಗ ಕುದಿ ಬರಲಿ ಎಂದು ಅವನ ಜೀವ ತಿನ್ನುತ್ತಿದ್ದಳು. ಕಪ್ಪಿನಿಂದ ಬಶಿಯಲ್ಲಿ ಸುರುವಿಕೊಂಡು ಕಣ್ಣು ಮುಚ್ಚಿ ಸುರ್ ಎಂದು ಎಳೆದರೆ ಆ ಕ್ಷಣಕ್ಕೆ ಜಗತ್ತಿನ ಯಾವ ವ್ಯಾಪಾರವೂ ಬೇಡ. ಈ ಚಹಾದ ಮಾತು ನೆನಪಿಡಿ, ಮುಂದೆ ಬರುತ್ತದೆ.

ಮೌಶಿಯ ಗಂಡ ಸಾಧು ಮನುಷ್ಯ. ಆಡು ಕಾಯುತ್ತಿದ್ದ, ಮಾತು ಕಮ್ಮಿ. ಮಾತೆಲ್ಲ ಹೆಂಡತಿಗೆ ಬಿಟ್ಟುಕೊಟ್ಟಿದ್ದೇನೆ ಎಂದು ತಾನೇ ಹೇಳಿ ನಗುತ್ತಿದ್ದ. ಒಂದು ದಿನ ರಸ್ತೆ ದಾಟುವಾಗ ಕಬ್ಬಿನ ಲಾರಿಗೆ ಸಿಕ್ಕು ಹೋಗಿಬಿಟ್ಟ. ಆ ಮೇಲೆ ಮೌಶಿ ಸಂತೆಗೆ ಬರಲಿಲ್ಲ. ನಿದ್ದೆ ಬಿಟ್ಟಳು, ಊಟ ಬಿಟ್ಟಳು. ಹಟ್ಟಿಯಲ್ಲಿ ಆಡುಗಳ ನಡುವೆ ಕೂತು ಗಂಡನ ಜೊತೆ ಮಾತಾಡುತ್ತಾಳೆ ಎಂದು ಸುದ್ದಿ ಬಂತು. ಮಗಳನ್ನು ಆಗಲೇ ಜೇವರ್ಗಿಗೆ ಕೊಟ್ಟಾಗಿತ್ತು. ಮನೆಯಲ್ಲಿ ಉಳಿದವನು ತಮ್ಮ, ಸಿದ್ಧಾರ್ಥ, ಮತ್ತು ಅವನ ಹೆಂಡತಿ. ಅವ್ವ ಸತ್ತ ಮೇಲೆ ಮೌಶಿಯೇ ಬೆಳೆಸಿ, ಓದಿಸಿ, ಆಟೊ ಕೊಡಿಸಿ ನಿಲ್ಲಿಸಿದ ಹುಡುಗ ಆತ. ಕಡಗಂಚಿಯ ಕಡೆ ಆಟೊ ಓಡಿಸುತ್ತಿದ್ದ. ಆತ ಅಕ್ಕನನ್ನು ಶಹರದ ಒಂದು ಖಾಸಗಿ ದವಾಖಾನೆಗೆ ಕರೆದುಕೊಂಡು ಹೋದ. ಗುಳಿಗೆ ಕೊಟ್ಟರು. ಮೌಶಿ ಮಲಗಿದಳು, ಉಂಡಳು. ಇದನ್ನು ನಾನು ಒತ್ತಿ ಹೇಳುತ್ತೇನೆ, ಯಾಕೆಂದರೆ ನ್ಯಾಯ ಎರಡೂ ಕಡೆ ಇರಬೇಕು. ಆ ಗುಳಿಗೆ ಆಗ ಆಕೆಯನ್ನು ಉಳಿಸಿತು.

ತೊಂದರೆ ಶುರುವಾದದ್ದು ಮುಂದೆ. ಯಾವತ್ತು ನಿಲ್ಲಿಸಬೇಕು ಎಂದು ಯಾರೂ ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ದವಾಖಾನೆಗೆ ಹೋದರೆ ಮೌಶಿ ಬೆಂಚಿನ ಮೇಲೆ, ಮಾತು ಸಿದ್ಧಾರ್ಥನದು. ಒಮ್ಮೆ ಅಕ್ಕ ಸಿಟ್ಟು ಮಾಡಿದಳು ಎಂದ, ಒಂದು ಗುಳಿಗೆ ಕೂಡಿತು. ಕೈ ನಡುಗುತ್ತದೆ ಎಂದ, ನಡುಕಕ್ಕೊಂದು. ಬಾಯಿ ಒಣಗುತ್ತದೆ, ಮಲ ಕಟ್ಟುತ್ತದೆ ಎಂದ, ಅದಕ್ಕೊಂದು. ಆಮೇಲಾಮೇಲೆ ಅಷ್ಟು ದೂರ ಹೋಗುವುದೂ ನಿಂತು, ಔಷಧಿ ಅಂಗಡಿಯವ ಹಳೇ ಚೀಟಿ ನೋಡಿ ಕೊಡುತ್ತಾ ಹೋದ. ಗಾಡಿಗೆ ಸೈಲೆನ್ಸರ್ ಸದ್ದು ಮಾಡಿತೆಂದು ಬಟ್ಟೆ ತುರುಕಿದರೆ ಎಂಜಿನ್ ಉಸಿರು ಕಟ್ಟುತ್ತದೆ, ಎಂಜಿನ್ ಬಿಸಿಯಾಯಿತೆಂದು ಮೇಲೆ ನೀರು ಸುರಿದರೆ ಇನ್ನೇನೋ ಒಡೆಯುತ್ತದೆ. ಮೊದಲು ತುರುಕಿದ ಬಟ್ಟೆ ತೆಗೆಯೋಣ ಅನ್ನುವವ ಬೇಕಿತ್ತು.

ಮೌಶಿ ಮತ್ತೆ ಸಂತೆಗೆ ಬರಲು ಶುರುಮಾಡಿದಾಗ ನನಗೆ ಗುರುತೇ ಹತ್ತಲಿಲ್ಲ. ಮುಖ ಒಣಗಿದ ಮಡಕೆಯ ಹಾಗಿತ್ತು. ನಕ್ಕರೂ ನಗೆ ಅದರ ಮೇಲೆ ಏರುತ್ತಿರಲಿಲ್ಲ. ಹೆಜ್ಜೆ ಎಳೆದು ಎಳೆದು ಇಡುವಳು. ಬಾಯಂಚಿಗೆ ಜೊಲ್ಲು, ಅದನ್ನು ವಲ್ಲಿಯಿಂದ ಒರೆಸಿಕೊಳ್ಳುವಳು. ಮತ್ತೆ ಆ ಕೈಗಳು. ಬೆರಳುಗಳು ಸುಮ್ಮನೆ ಕೂತಾಗಲೂ ರೊಟ್ಟಿಯ ಹಿಟ್ಟು ನಾದಿದ ಹಾಗೆ ಆಡುತ್ತಿದ್ದವು. ಒಳಗಿನ ಮೌಶಿ ಮಾತ್ರ ಇದ್ದಳು. ತಡವಾಗಿ, ಆದರೆ ಬರೋಬರಿ ಮಾತಾಡುವಳು. "ನನ್ನ ಯಾರೋ ಕಂಬಳ್ಯಾಗ ಸುತ್ಯಾರ ಮಲ್ಯಾ. ಒಳಗ ನಾ ಹಂಗ ಅದೇನಿ. ಒದರಿದ್ರ ಹೊರಗ ಕೇಳಸಾಕ ಹೊತ್ತ ಆಗ್ತದ."

ಅಫಜಲಪುರದ ಸಂತೆಯಲ್ಲಿ ನಡೆದದ್ದನ್ನು ನಾನು ಕಣ್ಣಾರೆ ಕಂಡೆ, ವಲ್ಲಿಯ ಒಳಗಿನದನ್ನು ಆಮೇಲೆ ಆ ಇಬ್ಬರ ಬಾಯಿಂದ ಕೇಳಿದೆ. ಮೌಶಿ ಹಿಂಡಿನ ಆರಿಸಿದ ಆಡುಗಳನ್ನು ತಂದಿದ್ದಳು. ಗಬ್ಬದ ಆಡು ಅವು, ಆಕೆಯ ಬಾಳಿನ ಬೀಜದ ಮಾಲು. ಮಾರುವ ಮನಸ್ಸು ಅರ್ಧವೇ ಇತ್ತು, ದರ ತೂಗಿ ನೋಡಲು ಬಂದಿದ್ದಳು. ಜೇವರ್ಗಿ ಕಡೆಯ ಒಬ್ಬ ವ್ಯಾಪಾರಿ ಬಂದು ಕೂತ. ವಲ್ಲಿ ಮುಚ್ಚಿದರು. ಆತ ಮೊದಲ ದರ ಹಿಡಿದ, ಯಾರೂ ಒಪ್ಪದ, ಮಾತು ಶುರುಮಾಡಲಿಕ್ಕೆಂದು ಹಿಡಿಯುವ ದರ. ವಲ್ಲಿಯ ಕೆಳಗೆ ಮೌಶಿಯ ಕೈ ನಡುಗಿತು. ಆತನ ಬೆರಳು ಆಕೆಯ ಮುಷ್ಟಿಯಲ್ಲಿ ಅಲ್ಲಾಡಿತು. ಆತನಿಗೇ ಆಶ್ಚರ್ಯ. ಒಂದು ಗಳಿಗೆ ಆಕೆಯ ಮುಖ ನೋಡಿದ. ಆ ಮುಖದಲ್ಲಿ ಏನೂ ಇರಲಿಲ್ಲ, ಇಲ್ಲ ಎಂಬುದೂ ಇರಲಿಲ್ಲ. ವಲ್ಲಿ ಎತ್ತಿಬಿಟ್ಟ.

"ಆತು, ಕೊಟ್ಟಳು," ಅಂದ.

ಮೌಶಿಯ ತುಟಿ ಆಡಿದವು. ಮಾತು ಬರುವಷ್ಟರಲ್ಲಿ ಆತನ ಆಳು ಹಗ್ಗ ಬಿಚ್ಚುತ್ತಿದ್ದ. "ನಾ ಕೊಟ್ಟಿಲ್ಲ," ಅಂದಳು. ಯಾರೂ ಕೇಳಿಸಿಕೊಳ್ಳಲಿಲ್ಲ. ಇನ್ನೊಮ್ಮೆ ಅಂದಳು, ಎದ್ದಳು, ಹಗ್ಗ ಹಿಡಿದು ಒದರಿದಳು. ಅಲ್ಲಿಯವರೆಗೆ ಸುಮ್ಮನಿದ್ದ ಹೆಂಗಸು ಒಮ್ಮೆಲೇ ಒದರಿದರೆ ಸಂತೆ ಏನು ಅನ್ನುತ್ತದೆ? ಅಂದದ್ದು ಅದನ್ನೇ. ಆಕಿದು ತಲಿ ಸರಿ ಇಲ್ಲ, ತಮ್ಮಗ ಫೋನ್ ಹಚ್ಚರಿ.

ನಾನು ನಡುವೆ ಹೋದೆ. ಆ ವ್ಯಾಪಾರಿ ಕೆಟ್ಟವನಲ್ಲ. ದೇವರ ಆಣೆ ಮಾಡಿ ಹೇಳಿದ, "ಸುಳ್ಳ ಹೇಳೂದಿಲ್ರಿ, ಆಕಿ ಬೆರಳ ಅಲ್ಲಾಡಿಸಿದಳು." ಅದು ಖರೆ. ಕೈ ಅಲ್ಲಾಡಿತ್ತು. ಅಲ್ಲಾಡಿಸಿದ್ದು ಯಾರು ಎಂಬುದನ್ನು ಮಾತ್ರ ಸಂತೆಯ ರಿವಾಜು ಕೇಳುವುದಿಲ್ಲ. ಹಿರಿಯರು ಸೇರಿ ವಲ್ಲಿ ಎತ್ತಿಯಾಗಿದೆ ಎಂದರು. ಆಡುಗಳು ಹೋದವು. ಸಿದ್ಧಾರ್ಥ ಬಂದು ಅಕ್ಕನನ್ನು ಆಟೊದಲ್ಲಿ ಕೂಡಿಸಿಕೊಂಡ. ಮೌಶಿ ಹಿಂದಿನ ಸೀಟಿನಲ್ಲಿ ತನ್ನ ಬಲಗೈಯನ್ನು ಎಡಗೈಯಿಂದ ಗಟ್ಟಿಯಾಗಿ ಹಿಡಿದುಕೊಂಡು ಕೂತಿದ್ದಳು, ಕಚ್ಚುವ ನಾಯಿಯ ಕೊರಳಪಟ್ಟಿ ಹಿಡಿದ ಹಾಗೆ.

ಸಂತೆಯಲ್ಲಿ ರಂಪ ಮಾಡಿದಳು ಎಂಬ ಕಾರಣಕ್ಕೆ, ಔಷಧಿ ಅಂಗಡಿಯವನನ್ನೇ ಕೇಳಿ, ಗುಳಿಗೆ ಹೆಚ್ಚಾಯಿತು. ಮೌಶಿ ಬೇಡ ಅಂದಳು. ಬೇಡ ಅನ್ನುವುದೂ ರೋಗದ ಲಕ್ಷಣ ಎಂದು ಮನೆಯವರಿಗೆ ಯಾರೋ ಹೇಳಿದ್ದರು. ಹಾಗಾಗಿ ಸಿದ್ಧಾರ್ಥನ ಹೆಂಡತಿ ಗುಳಿಗೆ ಕುಟ್ಟಿ ಚಹಾದಲ್ಲಿ ಹಾಕಿ ಕೊಡತೊಡಗಿದಳು. ಆ ಹೆಣ್ಣುಮಗಳೂ ಕೆಟ್ಟವಳಲ್ಲ. ಗಂಡನ ಅಕ್ಕನಿಗೆ ಆರಾಮಾಗಲಿ ಎಂದೇ ಮಾಡಿದ್ದು. ಆದರೆ ಸಂತೆಯ ಒಲೆಯ ಮುಂದೆ ಕೂತು ಒಂದು ಚೂರು ಶುಂಠಿ ಹೆಚ್ಚುಕಮ್ಮಿಯಾದರೆ ಹೇಳುವ ನಾಲಗೆಗೆ ಗುಳಿಗೆಯ ಕಹಿ ತಿಳಿಯದೆ ಇರುತ್ತದೆಯೆ? ಮೌಶಿ ಚಹಾ ಬಿಟ್ಟಳು. ಮನೆಯಲ್ಲಿ ಬೇಯಿಸಿದ್ದನ್ನು ಮೂಸಿ ನೋಡತೊಡಗಿದಳು. ಎಲ್ಲರನ್ನೂ ಸಂಶಯ ಪಡುತ್ತಾಳೆ ಎಂದು ಅದೂ ರೋಗದ ಲೆಕ್ಕಕ್ಕೆ ಹೋಯಿತು. ಕಡೆಗೆ ಉಣ್ಣುವುದು ಬಿಟ್ಟು ಗುಳಿಗೆ ಪೂರಾ ನಿಂತುಹೋದಾಗ ಮೈ ಬೆವರಿ, ವಾಂತಿಯಾಗಿ, ನಿದ್ದೆ ಹಾರಿ, ಕೂತಲ್ಲಿ ಕೂಡದೆ ನಿಂತಲ್ಲಿ ನಿಲ್ಲದೆ ಒದ್ದಾಡಿದಳು. ವರ್ಷಗಟ್ಟಲೆ ತಿಂದದ್ದನ್ನು ಒಮ್ಮೆಲೇ ಬಿಟ್ಟರೆ ಹಾಗಾಗುತ್ತದೆ ಎಂದು ಆಗ ಯಾರಿಗೂ ಗೊತ್ತಿಲ್ಲ. ಊರೆಲ್ಲ ಅಂದಿತು, ನೋಡಿ, ಗುಳಿಗೆ ಬಿಟ್ಟರೆ ಹೀಗೆ.

ಆ ವಾರ ನಾನು ಹಿರೋಳ್ಳಿಗೆ ಹೋದೆ. ಮೌಶಿ ಹಟ್ಟಿಯ ಗೋಡೆಗೆ ಒರಗಿ ಕೂತಿದ್ದಳು. ಎದುರು ಖಾಲಿ ಗೂಟಗಳು. ನನ್ನನ್ನು ನೋಡಿ, "ಚಹಾ ಕುಡೀತಿಯೇನು?" ಎಂದು ಕೇಳಿ, ಕೇಳಿದ್ದಕ್ಕೆ ತಾನೇ ಕಣ್ಣು ತುಂಬಿಕೊಂಡಳು. ಗೋಡೆ ಕಡೆ ಮುಖ ಮಾಡಿ ಹೇಳಿದಳು.

"ಗುಳಿಗಿ ಕೆಟ್ಟದ್ದ ಅಂತ ನಾ ಅನ್ನಂಗಿಲ್ಲ. ಆವತ್ತ ಅದ ನನ್ನ ಮಲಗಿಸ್ತು. ಆದ್ರ ಈಗ ನಾ ಹೌದು ಅಂದ್ರೂ ಹುಚ್ಚಿ, ಅಲ್ಲ ಅಂದ್ರೂ ಹುಚ್ಚಿ. ನನ್ನ ಆಡಿಗಿ ದರಾ ನಾ ಹೇಳತಿದ್ದೆ. ನನ್ನ ಮೈಗಿ ನಾ ಹೇಳಬಾರದೇನು?"

ನಾನು ವ್ಯಾಪಾರಿ, ಸಮಾಧಾನ ಹೇಳಲು ಬರುವುದಿಲ್ಲ. ವ್ಯಾಪಾರ ಮಾಡಲು ಬರುತ್ತದೆ. ಎದ್ದು ಸಿದ್ಧಾರ್ಥನ ಹತ್ತಿರ ಹೋದೆ. ನಾನು ಕೇಳಿದ್ದು ಎರಡೇ ಮಾತು. ಮನೆಯಲ್ಲಿರುವ ಎಲ್ಲ ಗುಳಿಗೆಗಳನ್ನು ಒಂದು ಚೀಲದಲ್ಲಿ ಹಾಕಿಕೊಂಡು ಶಹರದ ಸರಕಾರಿ ದವಾಖಾನೆಗೆ ಹೋಗೋಣ. ಅಲ್ಲಿ ಅಕ್ಕನ ಮಾತು ಅಕ್ಕನೇ ಆಡಲಿ. ಸಿದ್ಧಾರ್ಥ ಬಹಳ ಹೊತ್ತು ಆಟೊದ ಕನ್ನಡಿ ಒರೆಸಿದ. ಆಮೇಲೆ ಅಂದ, "ಮಲ್ಲಣ್ಣ, ನೀವು ಹೇಳಿ ಚೌಡಾಪುರಕ್ಕ ಹೋಗ್ತೀರಿ. ಮಾವ ಸತ್ತಾಗ ಅಕ್ಕ ಹೆಂಗ ಆಗಿದ್ಳು ನೀವು ನೋಡಿಲ್ರಿ, ನಾ ನೋಡೇನಿ. ನನಗ ಆಕಿ ಅವ್ವ. ಮತ್ತ ಹಂಗ ಆದ್ರ ನೀವು ಬರ್ತೀರೇನು?"

ಈ ಪ್ರಶ್ನೆಗೆ ದರ ಇಳಿಸಲು ಬರುವುದಿಲ್ಲ. ಬರ್ತೇನಿ ಅಂದೆ. ಆತ ಚಾವಿ ತೆಗೆದುಕೊಂಡ.

ಸರಕಾರಿ ದವಾಖಾನೆಯಲ್ಲಿ ಡಾಕ್ಟರಮ್ಮ ಒಬ್ಬರಿದ್ದರು. ಚೀಲ ಮೇಜಿನ ಮೇಲೆ ಸುರುವಿ ಒಂದೊಂದೇ ಪಟ್ಟಿ ಎತ್ತಿ ನೋಡಿದರು. ಯಾರನ್ನೂ ಬೈಯಲಿಲ್ಲ. ಸಿದ್ಧಾರ್ಥ ಹೇಳಲು ಬಾಯಿ ತೆಗೆದಾಗ, ನೀವಿಬ್ಬರೂ ಸ್ವಲ್ಪ ಹೊರಗೆ ಕೂಡಿರಿ, ನಾನು ಇವರ ಹತ್ತಿರ ಕೇಳುತ್ತೇನೆ ಅಂದರು. ಬಾಗಿಲು ಮುಚ್ಚಿತು. ಹೊರಗೆ ಬೆಂಚಿನ ಮೇಲೆ ನಾವು ಇಬ್ಬರು. ಅಷ್ಟು ವರ್ಷ ಮೌಶಿ ಕೂತಿದ್ದಂಥ ಬೆಂಚಿನ ಮೇಲೆ ಈಗ ತಮ್ಮ ಕೂತಿದ್ದ, ಒಳಗಿನ ಮಾತು ಕೇಳಿಸದೆ.

ಮೌಶಿ ಹೊರಗೆ ಬಂದಾಗ ಆಕೆಯ ಮುಖ ಹಾಗೇ ಇತ್ತು, ಮಡಕೆ. ಆದರೆ ನಡಿಗೆಯಲ್ಲಿ ಏನೋ ಒಂದು ಠೀವಿ. ಡಾಕ್ಟರಮ್ಮ ನಮಗೆ ತಿಳಿಸಿ ಹೇಳಿದರು. ಒಂದೇ ಸಲಕ್ಕೆ ಬಿಡುವಂತಿಲ್ಲ, ಅದರಿಂದಲೇ ಈ ಒದ್ದಾಟ. ಒಂದೊಂದನ್ನೇ, ನಿಧಾನಕ್ಕೆ ಇಳಿಸಬೇಕು, ನಡುನಡುವೆ ಬಂದು ತೋರಿಸಬೇಕು. ನಡುಕ ಬಹಳಷ್ಟು ಇಳಿಯಬಹುದು, ಪೂರಾ ಹೋಗುತ್ತದೆ ಎಂದು ಮಾತು ಕೊಡಲಾರೆ. ಚಹಾದಲ್ಲಿ ಹಾಕಿ ಕೊಡುವುದು ಇವತ್ತಿಗೆ ಬಂದ್. ನಿದ್ದೆಗೆ ಕೊಡುವ ಒಂದು ಚಿಕ್ಕ ಗುಳಿಗೆಯನ್ನು ಮೌಶಿ ತಾನೇ ಕೇಳಿ ಉಳಿಸಿಕೊಂಡಿದ್ದಳು. "ಇದೊಂದ ಇರ್ಲಿ ಅಂದೇನಿ. ಇದು ನಾ ಆರಿಸಿದ್ದು," ಎಂದು ಅದನ್ನು ಸೆರಗಿಗೆ ಕಟ್ಟಿಕೊಂಡಳು. ಮುಂದೆ ಎಂದಾದರೂ ತನಗೆ ಮಾತಾಡಲು ಆಗದಿದ್ದರೆ ತನ್ನ ಪರವಾಗಿ ಯಾರು ಮಾತಾಡಬೇಕು ಎಂದು ಬರೆದುಕೊಡುವುದಕ್ಕೆ ಕಾನೂನಿನಲ್ಲಿ ಅವಕಾಶ ಇದೆಯಂತೆ. ಡಾಕ್ಟರಮ್ಮ ಅದನ್ನೂ ಕೇಳಿದ್ದರು. ಮೌಶಿ ಜೇವರ್ಗಿಗೆ ಕೊಟ್ಟ ಮಗಳ ಹೆಸರು ಹೇಳಿದ್ದಳು. ಸಿದ್ಧಾರ್ಥನ ಮುಖ ಬಾಡಿತು. ಮೌಶಿ ಆತನ ತಲೆಯ ಮೇಲೆ ಆ ನಡುಗುವ ಕೈ ಇಟ್ಟು, "ನೀ ಹೆದರತೀ ತಮ್ಮಾ. ಹೆದರಿದವರ ಕೈಯಾಗ ವಲ್ಲಿ ಕೊಡಬಾರದು," ಅಂದಳು. ಆತ ಅತ್ತುಬಿಟ್ಟ. ಆಮೇಲೆ ಆತನೇ ಆಕೆಯನ್ನು ಜೇವರ್ಗಿಗೆ ಬಿಟ್ಟುಬಂದ. ತಿಂಗಳಿಗೊಮ್ಮೆ ದವಾಖಾನೆಗೆ ಕರೆದೊಯ್ದದ್ದೂ ಆತನೇ. ಬಾಗಿಲ ಹೊರಗೆ ಕೂತು ಕಾಯುತ್ತಿದ್ದ.

ನಾನು ಕಡೆಯ ಸಲ ಮೌಶಿಯನ್ನು ನೋಡಿದ್ದು ಜೇವರ್ಗಿಯಲ್ಲಿ, ಮಗಳ ಮನೆಯ ಅಂಗಳದಲ್ಲಿ. ಬೇವಿನ ನೆರಳಿಗೆ ಕೂತಿದ್ದಳು. ಮುಖಕ್ಕೆ ನಗೆ ಏರುತ್ತಿತ್ತು ಈಗ. ಜೊಲ್ಲು ನಿಂತಿತ್ತು. ಬಲಗೈ ಬೆರಳುಗಳಲ್ಲಿ ಮಾತ್ರ ನಡುಕ ಉಳಿದಿತ್ತು, ಗಾಳಿ ನಿಂತ ಮೇಲೂ ಎಲೆ ಆಡಿದ ಹಾಗೆ. ಒಲೆಯ ಮುಂದೆ ತಾನೇ ಕೂತು ಶುಂಠಿ ಜಜ್ಜಿ ಚಹಾ ಮಾಡಿದಳು, ಬಶಿಯಲ್ಲಿ ಸುರುವಿ ಕೊಟ್ಟಳು, ತಾನೂ ಕಣ್ಣು ಮುಚ್ಚಿ ಎಳೆದಳು. ಆ ಸುರ್ ಸದ್ದು ಎಷ್ಟು ವರ್ಷದ ಮೇಲೆ ಕೇಳಿದ್ದು.

ಇನ್ನು ಸಂತೆಗೆ ಬರುವುದಿಲ್ಲ ಅಂದಳು. ಬಂದರೂ ಬಟ್ಟೆಯ ಕೆಳಗೆ ಕೈ ಕೊಡುವುದಿಲ್ಲ, ದರ ಇದ್ದರೆ ಬಾಯಿಂದ, ನಾಲ್ಕು ಜನ ಕೇಳುವ ಹಾಗೆ. ಹಾಗಾದರೆ ಆ ವಲ್ಲಿ ನನಗೆ ಕೊಡು ಮೌಶಿ ಎಂದೆ. ಆಕೆಯ ಕಣ್ಣು ಹೊಳೆಯಿತು. "ಕೊಡು ಅಂದ್ರ? ಕೂಡು. ಕೈ ತಾ. ಕಡೀದೊಂದು ಇದರ ಕೆಳಗ ಆಗ್ಲಿ."

ವಲ್ಲಿಯನ್ನು ವಲ್ಲಿಯ ಕೆಳಗೇ ಕೊಳ್ಳುವ ವ್ಯಾಪಾರ. ಆಡಿನ ಲೆಕ್ಕದಲ್ಲಿ ಎಂದು ಮೊದಲೇ ಮಾತಾಯಿತು. ನಾನು ಒಂದು ಬೆರಳು ಹಿಡಿದೆ, ಒಂದು ಮರಿ ಎಂದು. ಹಿಡಿದು ಮುಗಿಸುವಷ್ಟರಲ್ಲಿ ಆಕೆಯ ಕೈ ನಡುಗಿತು. ನನ್ನ ಬೆರಳು ಆಕೆಯ ಮುಷ್ಟಿಯಲ್ಲಿ ಅಲ್ಲಾಡಿತು. ಸಂತೆಯ ರಿವಾಜಿನಂತೆ ವ್ಯಾಪಾರ ಮುಗಿದಿತ್ತು. ನಾನು ವಲ್ಲಿ ಎತ್ತಲಿಲ್ಲ. ಬೇವಿನ ಕಾಯಿ ಉದುರುತ್ತಿದ್ದವು. ಆಕೆ ನನ್ನನ್ನೇ ನೋಡುತ್ತಿದ್ದಳು.

"ಯಾಕಲೇ, ವಲ್ಲಿ ಎತ್ತಂಗಿಲ್ಲೇನು? ಕೈ ಅಲ್ಲಾಡಾಕತ್ತದಲ್ಲ."

"ಅದು ಗುಳಿಗಿದು ಮೌಶಿ. ನಿಂದಲ್ಲ."

ಮೌಶಿ ನಕ್ಕಳು. ಮುಖದ ತುಂಬ, ಹಲ್ಲು ಕಾಣುವ ಹಾಗೆ, ಹೊಟ್ಟೆಯಿಂದ. ಆಮೇಲೆ ಕಣ್ಣೊರೆಸಿಕೊಂಡು ಬಾಯಿಂದಲೇ ದರ ಹೇಳಿದಳು. "ಮರಿ ನಿನ್ನ ಹೇಣ್ತಿಗಿ ಕೊಡು. ನನಗ ಹೋತ ಬೇಕು. ನಾಕ ಹಲ್ಲಿಂದು, ಉದ್ದ ಕಿವಿದು. ಈ ಓಣ್ಯಾಗ ಆಡ ಬಾಳ ಅದಾವ, ಛಲೋ ಹೋತ ಒಂದೂ ಇಲ್ಲ. ಎಲ್ಲಾರೂ ನನ್ನ ಬಾಗಲಿಗಿ ಆಡ ಹೊಡಕೊಂಡ ಬರ್ತಾರ, ನೋಡಕೋತ ಇರು." ಹರಕು ಬಟ್ಟೆಗೆ ಹೋತ. ನಾನು ಜೀವನದಲ್ಲಿ ಮೊದಲ ಸಲ ಹೇಳಿದ ದರಕ್ಕೆ ಚೌಕಾಶಿ ಮಾಡದೆ ಹೂಂ ಅಂದೆ. ಚೌಕಾಶಿ ಮಾಡಲಿಲ್ಲ ಎಂದು ಬೈದಳು.

ಹೋತ ಮುಂದಿನ ವಾರ ಜೇವರ್ಗಿಗೆ ಹೋಯಿತು. ಆಕೆ ಹೇಳಿದ ಹಾಗೇ ಆಯಿತಂತೆ, ಓಣಿಯ ಆಡೆಲ್ಲ ಆಕೆಯ ಬಾಗಿಲಿಗೆ. ಯಾರ ಆಡಿಗೆ ಯಾವಾಗ ಎಂದು ಮೌಶಿ ಕಟ್ಟೆಯ ಮೇಲೆ ಕೂತು ಬಾಯಿಂದ, ಜೋರಾಗಿ ಹೇಳುತ್ತಿದ್ದಳಂತೆ. ಎರಡು ಸುಗ್ಗಿ ಕಂಡಳು. ಒಂದು ಬೆಳಿಗ್ಗೆ ಎದೆ ಹಿಡಿದುಕೊಂಡು ಕೂತವಳು ಏಳಲಿಲ್ಲ. ಮಗಳು ಫೋನ್ ಮಾಡಿದಾಗ ನಾನು ಒಂದು ಟ್ರ್ಯಾಕ್ಟರಿನ ದರ ಮಾತಾಡುತ್ತಿದ್ದೆ. ಎದುರಿನವ ಏನು ಕೇಳಿದನೋ, ನಾನು ಏನಂದೆನೋ, ಆ ವ್ಯಾಪಾರ ನನಗೆ ಇಂದಿಗೂ ನೆನಪಿಲ್ಲ.

ಸಂತೆಗೆ ಈಗಲೂ ಹೋಗುತ್ತೇನೆ, ಕೊಳ್ಳುವುದೇನೂ ಇಲ್ಲದಿದ್ದರೂ. ಚಹಾದವನ ಒಲೆಯ ಪಕ್ಕ ಖಾಲಿ ಇರುತ್ತದೆ. ಶುಂಠಿ ಕಮ್ಮಿಯಾಗಿರುತ್ತದೆ, ಹೇಳುವವರಿಲ್ಲ. ಜನ ಈಗ ಮೊಬೈಲಿನಲ್ಲಿ ದರ ಒತ್ತಿ ತೋರಿಸುತ್ತಾರೆ, ವಲ್ಲಿ ಮುಚ್ಚುವವರು ಮುದುಕರು ನಾಲ್ಕು ಮಂದಿ. ಅವರಲ್ಲಿ ಯಾರಾದರೂ ಕೈ ಕೊಟ್ಟರೆ ನನ್ನ ಬೆರಳು ತಾವಾಗಿ ಆ ಒಣ ತೊಗರಿ ಕಟಗಿಯಂಥ ಹಿಡಿತ ಹುಡುಕುತ್ತವೆ. ಸಿಗುವುದಿಲ್ಲ.

ಓದುವವರೇ, ನಾನು ವೈದ್ಯನಲ್ಲ, ಗುಳಿಗೆಯ ವೈರಿಯೂ ಅಲ್ಲ. ಆದರೆ ನಿಮ್ಮ ಮನೆಯಲ್ಲೂ ಇಂಥವರೊಬ್ಬರು ಇದ್ದಾರು, ಅದಕ್ಕೆ ಹೇಳುತ್ತೇನೆ. ನಿಮ್ಮಷ್ಟಕ್ಕೆ ನೀವೇ ಗುಳಿಗೆ ನಿಲ್ಲಿಸಬೇಡಿ, ಮೌಶಿ ಪಟ್ಟ ಪಾಡು ಪಡಬೇಡಿ. ಹಳೇ ಚೀಟಿಯ ಮೇಲೆ ವರ್ಷಗಟ್ಟಲೆ ನುಂಗಿಸಲೂ ಬೇಡಿ. ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿ ಡಾಕ್ಟರ ಮುಂದೆ ಸುರುವಿ, ಇದು ಯಾತಕ್ಕೆ, ಎಲ್ಲಿಯವರೆಗೆ, ಕಮ್ಮಿ ಮಾಡಲು ಬರುತ್ತದೆಯೇ ಎಂದು ಕೇಳಿ. ಟ್ರ್ಯಾಕ್ಟರ್ ಕೊಳ್ಳುವಾಗ ನನ್ನ ಜೀವ ತಿನ್ನುತ್ತೀರಲ್ಲ, ಅದರ ಕಾಲುಪಾಲು ಅಲ್ಲಿ ತಿಂದರೆ ಸಾಕು. ಕೇಳುವುದಕ್ಕೆ ಏನೂ ಬೀಳುವುದಿಲ್ಲ. ಯಾರು ನುಂಗುತ್ತಾರೋ ಅವರೇ ಮಾತಾಡಲಿ, ನೀವು ಹೊರಗೆ ಬೆಂಚಿನ ಮೇಲೆ ಕೂಡಿ. ಅವರ ಮಾತು ತಡವಾಗಿ ಬರಬಹುದು, ಕಾಯಿರಿ. ಕೈ ನಡುಗಿತೆಂದು ಒಪ್ಪಿದರು ಅಂತ ವಲ್ಲಿ ಎತ್ತಬೇಡಿ. ಅಷ್ಟರಲ್ಲಿ ಚಹಾ ಬೇಕೆನಿಸಿದರೆ ಮಾಡಿ, ಶುಂಠಿ ಜಜ್ಜಿ ಹಾಕಿ. ಅವರ ಕಣ್ಣೆದುರಿಗೇ ಮಾಡಿ.